ಎರಡು ತೋಟೆಯಷ್ಟು ಉದ್ದದ ಕೊಳವೆ

ಅಣ್ಣ ಕಳಿಸಿದ ಪಟ್ಟಿಯಲ್ಲಿ ಅದು ಐದನೆಯದು. ಹಸಿರು ಬಾಟಲಿಯ ತಲೆನೋವಿನ ಎಣ್ಣೆ, ಅತ್ತಿಗೆಗೆ ಮೊಣಕಾಲಿಗೆ ಹಾಕುವ ಬೆಲ್ಟು, ತಲೆಗೆ ಕಟ್ಟಿಕೊಳ್ಳುವ ಟಾರ್ಚು ಎರಡು, ಕಾಲೇಜಿಗೆ ಹೋಗುವ ಮಗಳಿಗೆ ಒಂದು ಬ್ಯಾಗು, ಆಮೇಲೆ ಬಂದೂಕಿಗೆ ಮ್ಯಾಗಜೀನ್ ಎಕ್ಸ್‌ಟೆನ್ಷನ್ ಒಂದು. ಐದನೆಯದು ನನಗೆ ಗೊತ್ತಾಗಲಿಕ್ಕಿಲ್ಲ ಎಂದುಕೊಂಡು ಪಕ್ಕದಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು, ಫೋಟೋ ತೆಗೆದು ಕಳಿಸಿದ್ದ. ಆ ವರ್ಷ ಡಿಸೆಂಬರ್ ರಜೆಗೆ ನಾವು ಊರಿಗೆ ಹೋಗುವವರಿದ್ದೆವು. ಸಿಂಗಪುರದಲ್ಲಿ ಸಿಗದ ವಸ್ತು ಭೂಮಿಯ ಮೇಲಿಲ್ಲ ಎಂಬುದು ನಮ್ಮ ಮನೆಯವರೆಲ್ಲರ ನಂಬಿಕೆ.

ನಾನು ಕೊಡಗಿನವಳು. ಇದನ್ನು ಮೊದಲೇ ಹೇಳಿಬಿಡಬೇಕು. ನಮ್ಮಲ್ಲಿ ಬಂದೂಕು ಮನೆಯ ಸಾಮಾನು. ಕೈಲ್‌ಪೊಳ್ದ್ ಹಬ್ಬದ ದಿನ ಅದನ್ನು ನಡುಮನೆಯ ದೀಪದ ಮುಂದೆ ಇಟ್ಟು, ಗಂಧ ಹಚ್ಚಿ, ನಳಿಗೆಯ ಬಾಯಿಗೆ ತೋಕ್‌ಪೂ ಸಿಕ್ಕಿಸಿ ಕೈಮುಗಿಯುತ್ತೇವೆ. ತೋಕ್ ಎಂದರೆ ಬಂದೂಕು, ಪೂ ಎಂದರೆ ಹೂ. ಅರ್ಧ ಕೆಂಪು ಅರ್ಧ ಹಳದಿಯ ಆ ಹೂವಿಗೆ ಬೇರೆ ಹೆಸರೂ ಇದೆ ಎಂದು ನನಗೆ ತಿಳಿದದ್ದು ಮದುವೆಯಾದ ಮೇಲೆ. ಸಿಡಿದ ತೋಟೆಗಳ, ಅಂದರೆ ಕಾಡತೂಸುಗಳ, ಖಾಲಿ ಸಿಪ್ಪೆ ಮಕ್ಕಳಿಗೆ ಆಟದ ಸಾಮಾನು. ಮಡಿಕೇರಿಯ ಕಾನ್ವೆಂಟಿಗೆ ಹೋಗುವಾಗ ಪೆನ್ಸಿಲಿನ ಮೊನೆ ಮುರಿಯದಿರಲಿ ಎಂದು ಎರಡು ಮೂರನ್ನು ಒಟ್ಟಿಗೆ ಹಿಡಿದು ಅಂಥ ಒಂದು ಕೆಂಪು ಸಿಪ್ಪೆಯೊಳಗೆ ತೂರಿಸಿಕೊಂಡು ಒಯ್ಯುತ್ತಿದ್ದೆ. ಸಿಸ್ಟರ್ ಒಂದು ದಿನ ಅದನ್ನು ಮೂಸಿ ನೋಡಿ, ತೊಳೆದುಕೊಂಡು ಬಾ ಎಂದಷ್ಟೇ ಹೇಳಿದ್ದರು.

ಆ ಸಿಸ್ಟರ್ ನನಗೆ ಹೊಲಿಗೆ ಕಲಿಸಿದರು, ದುಂಡಗೆ ಬರೆಯುವುದನ್ನು ಕಲಿಸಿದರು, ಮತ್ತೆ ಎದುರಿಗಿರುವವರಿಗೆ ಮುಜುಗರವಾಗುವಂಥ ಮಾತನ್ನು ಸುತ್ತಿ ಬಳಸಿ ಮೆತ್ತಗೆ ಹೇಳುವುದನ್ನೂ ಕಲಿಸಿದರು. ಮೊದಲ ಎರಡರಿಂದ ನನಗೆ ಯಾವತ್ತೂ ತೊಂದರೆಯಾಗಿಲ್ಲ.

ಅಣ್ಣನಿಗೆ ಫೋನ್ ಮಾಡಿದೆ.

"ಇರೋ ಬಂದೂಕಿಗೆ ಏನಾಯ್ತು?"

"ಏನೂ ಆಗಿಲ್ಲ. ಒಂದು ಸಲಕ್ಕೆ ನಾಲ್ಕೇ ತೋಟೆ ಹಿಡಿಯುತ್ತೆ. ಆನೆ ಈಗ ಒಂಟಿಯಾಗಿ ಬರಲ್ಲ ಕಣೇ, ಸಂಸಾರ ಸಮೇತ ಬರ್ತವೆ. ಹೆದರಿಸೋಕೆ ಅಂತ ಮೇಲಕ್ಕೆ ನಾಲ್ಕು ಹೊಡೆಯೋ ಹೊತ್ತಿಗೆ ಖಾಲಿ. ಮತ್ತೆ ತುಂಬೋ ಹೊತ್ತಲ್ಲಿ ಕೈ ನಡುಗುತ್ತೆ."

"ಯಾರದ್ದು?"

"ನಿನ್ನ ಅತ್ತಿಗೇದು. ಟಾರ್ಚ್ ಹಿಡಿಯೋಳು ಅವಳೇ ಅಲ್ವಾ. ಬೆಳಕು ಆನೆ ಮೇಲೆ ಇರಲ್ಲ, ನನ್ನ ಮುಖದ ಮೇಲೆ ಇರುತ್ತೆ."

ಆ ಬಂದೂಕಿನ ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇದೆ. ತೋಟೆಗಳು ಅದರೊಳಗೆ ಒಂದರ ಹಿಂದೆ ಒಂದು ಮಲಗಿರುತ್ತವೆ. ಮುಂದಿನಿಂದ ಒಂದು ಸ್ಪ್ರಿಂಗು ಅವನ್ನು ಒಳಕ್ಕೆ ತಳ್ಳುತ್ತಿರುತ್ತದೆ. ನಳಿಗೆಯ ಕೆಳಗಿನ ಮರದ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಗ ಒಂದೊಂದೇ ಮೇಲಕ್ಕೆ ಬರುತ್ತದೆ. ಕೊಳವೆಯ ತುದಿಯ ಮುಚ್ಚಳ ಬಿಚ್ಚಿ, ಅಲ್ಲಿಗೆ ಇನ್ನೊಂದು ತುಂಡು ಕೊಳವೆಯನ್ನು ತಿರುಪಿದರೆ ಇನ್ನೆರಡು ತೋಟೆಗೆ ಜಾಗವಾಗುತ್ತದೆ. ಇಷ್ಟೇ. ಕುಕ್ಕರಿನ ಹಿಡಿಕೆ ಬದಲಾಯಿಸುವುದಕ್ಕಿಂತ ಇದರಲ್ಲಿ ಹೆಚ್ಚೇನೂ ಇಲ್ಲ ಎಂದು ನನಗೆ ಅನಿಸಿತು.

ನಾವಿದ್ದದ್ದು ಸಿಂಗಪುರದ ಟ್ಯಾಂಪಿನೀಸ್‌ನಲ್ಲಿ, ಹತ್ತನೆಯ ಮಹಡಿಯಲ್ಲಿ. ಬ್ಲಾಕಿನ ಕೆಳಗೆ ಹಾರ್ಡ್‌ವೇರ್ ಅಂಗಡಿಯೊಂದಿತ್ತು. ಮೊದಲು ಅಲ್ಲಿಗೇ ಹೋಗಿ ಅಣ್ಣನ ಚಿತ್ರ ತೋರಿಸಿದೆ. ಅಂಗಡಿಯ ಅಂಕಲ್ ಕನ್ನಡಕವನ್ನು ಹಣೆಗೇರಿಸಿ ನೋಡಿ, ಬಾತ್‌ರೂಮಿನದಾ ಎಂದರು. ಅಲ್ಲ ಎಂದೆ. ಹಾಗಾದರೆ ಇಲ್ಲ ಲಾ, ಎಂದು ಆ ಊರಿನ ಮಾತಿನ ಬಾಲ ಸೇರಿಸಿ ಹೇಳಿದರು. ಆಮೇಲೆ ಆ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಆ ಚಿತ್ರ ಹಿಡಿದು ನಿಂತ ನನ್ನ ಕೈ ನೆನಪಾಗಿ ಮೈ ಜುಮ್ಮೆನ್ನುತ್ತಿತ್ತು. ಆವತ್ತು ಮಾತ್ರ ಎರಡು ಡಜನ್ ಬಟ್ಟೆಕ್ಲಿಪ್ಪು ಕೊಂಡು ಆರಾಮಾಗಿ ಮೇಲೆ ಬಂದೆ.

ಅಮೆರಿಕದ ಅಂಗಡಿಗಳ ಪುಟಗಳಲ್ಲಿ ಅದು ರಾಶಿ ರಾಶಿ ಸಿಕ್ಕಿತು. ಒಂದು ವಾರ ನಾನು ಅದನ್ನು ಆರಿಸುವುದರಲ್ಲೇ ಇದ್ದೆ. ಮಗಳು ಆಗ ಪ್ರೈಮರಿ ಮೂರನೆಯ ತರಗತಿ. ಅವಳನ್ನು ಶಾಲೆಗೆ ಕಳಿಸಿ, ಊಟದ ಮೇಜಿನ ಮೇಲೆ ಅವಳದೇ ಸ್ಕೇಲು ಇಟ್ಟುಕೊಂಡು ಕೂರುತ್ತಿದ್ದೆ. ಒಂದು ತೋಟೆಯಷ್ಟು, ಎರಡರಷ್ಟು, ಮೂರರಷ್ಟು ಉದ್ದದವು ಇದ್ದವು. ಮೂರರದ್ದು ನಳಿಗೆಯನ್ನೂ ಮೀರಿ ಮುಂದಕ್ಕೆ ಬರುತ್ತಿತ್ತು. ಅತ್ತಿಗೆ ಹೊಲಿಗೆಯ ಟೇಪು ಹಿಡಿದು ಅಳೆದು ಹೇಳಿದ್ದಳು. ಎರಡರದ್ದು ಆರಿಂಚು, ಸರಿಯಾಗುತ್ತಿತ್ತು. ಎಲ್ಲ ಕಂಪನಿಯ ಬಂದೂಕಿಗೂ ಒಂದೇ ಥ್ರೆಡ್ ಅಲ್ಲ, ಹೆಸರು ನೋಡಿ ತೆಗೆದುಕೊಳ್ಳಬೇಕು. ಉಕ್ಕಿನದಾದರೆ ಗಟ್ಟಿ, ಆದರೆ ಮೂತಿ ಭಾರವಾಗುತ್ತದೆ; ಅಲ್ಯೂಮಿನಿಯಂ ಹಗುರ, ಮಳೆಗೂ ತುಕ್ಕು ಹಿಡಿಯುವುದಿಲ್ಲ. ಉದ್ದದ ಸ್ಪ್ರಿಂಗು ಜೊತೆಗೇ ಬರುತ್ತದೋ ಇಲ್ಲವೋ ನೋಡಬೇಕು. ಕೊಳವೆಯನ್ನೂ ನಳಿಗೆಯನ್ನೂ ಸೇರಿಸಿ ಹಿಡಿಯುವ ಒಂದು ಪಟ್ಟಿ ಬೇಕು. ತೋಟೆಯನ್ನು ತಳ್ಳಲು ಸ್ಪ್ರಿಂಗಿನ ತುದಿಯಲ್ಲಿ, ಹೊಲಿಯುವಾಗ ಬೆರಳಿಗೆ ಹಾಕುವ ಗುಪ್ಪಿಯಂಥ ಒಂದು ಪ್ಲಾಸ್ಟಿಕ್ ಬಟ್ಟಲು ಇರುತ್ತದೆ. ಅದು ಗಾಢ ಬಣ್ಣದ್ದಾದರೆ ಒಳಗೆ ತೋಟೆ ಉಳಿದಿಲ್ಲವೆಂದು ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆಯಂತೆ. ಕಿತ್ತಳೆ ಬಣ್ಣದ್ದನ್ನು ಆರಿಸಿದೆ. ಸೀರೆಗೆ ಫಾಲ್ಸ್ ಆರಿಸಿದಷ್ಟೇ ಶ್ರದ್ಧೆಯಿಂದ ಆರಿಸಿದೆ.

ಆ ಅಂಗಡಿಯವರು ಸಿಂಗಪುರಕ್ಕೆ ಕಳಿಸುವುದಿಲ್ಲ ಎಂದು ಪುಟದ ಕೆಳಗೆ ಬರೆದಿದ್ದರು. ಯಾಕೆ ಎಂದು ನಾನು ಯೋಚಿಸಲಿಲ್ಲ. ಬರುವವರ ಕೈಯಲ್ಲಿ ತರಿಸಿದರಾಯಿತು ಎಂದುಕೊಂಡೆ. ನಾವೆಲ್ಲ ಬದುಕುವುದೇ ಹಾಗೆ. ಉಪ್ಪಿನಕಾಯಿ, ಮಾಂಗಲ್ಯದ ಸರ, ಪಾಸ್‌ಪೋರ್ಟಿನ ಕಾಗದ, ಅಜ್ಜಿಯ ಕನ್ನಡಕ, ಎಲ್ಲವೂ ಯಾರೋ ಒಬ್ಬರ ಸೂಟ್‌ಕೇಸಿನ ಮೂಲೆಯಲ್ಲಿ ಸಮುದ್ರ ದಾಟುತ್ತವೆ. ಒಳಗೇನಿದೆ ಎಂದು ಕೇಳುವುದು ಸಣ್ಣತನ.

ನಮ್ಮ ಮನೆಯಿಂದ ಎರಡು ಬಾಗಿಲು ಆಚೆಯ ಮನೆಯವರು ಧಾರವಾಡದ ಕಡೆಯವರು. ಆಕೆ ಚಾಂಗಿ ವಿಮಾನ ನಿಲ್ದಾಣದ ಹತ್ತಿರದ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ನನಗಿಂತ ಐದಾರು ವರ್ಷ ಚಿಕ್ಕವರು, ನನ್ನನ್ನು ಅಕ್ಕಾ ಎನ್ನುತ್ತಿದ್ದರು, ನಮ್ಮೊಡನೆ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದರು. ಅವರ ಮಗಳೂ ನನ್ನ ಮಗಳೂ ಒಂದೇ ಕ್ಲಾಸು. ಅವರ ಮನೆಯ ಇನ್ನೊಂದು ಕೀಲಿ ನಮ್ಮ ಬಾಗಿಲ ಹಿಂದಿನ ಕೊಕ್ಕೆಯಲ್ಲಿ ತೂಗುತ್ತಿತ್ತು. ಆಫೀಸಿನ ಕೆಲಸಕ್ಕೆಂದು ಆಕೆ ಮೂರು ವಾರ ಅಮೆರಿಕಕ್ಕೆ ಹೊರಟಾಗ ಬ್ಲಾಕಿನ ಕನ್ನಡದವರೆಲ್ಲ ಒಂದೊಂದು ಹೇಳಿಕೊಂಡರು. ಬಾದಾಮಿ, ವಿಟಮಿನ್ ಮಾತ್ರೆ. ನಾನೂ ಹೇಳಿದೆ.

"ಒಂದು ಸಣ್ಣ ಪೈಪು. ನಮ್ಮಣ್ಣನ ಎಸ್ಟೇಟಿನ ಮಷೀನಿಗೆ. ನಿಮ್ಮ ಹೋಟೆಲ್ಲಿಗೇ ಬರೋ ಹಾಗೆ ಆರ್ಡರ್ ಮಾಡ್ತೀನಿ."

"ಅಷ್ಟೇನಾ ಅಕ್ಕಾ? ನಾನು ನೀವು ಏನೋ ದೊಡ್ಡದು ಕೇಳ್ತೀರಿ ಅಂದ್ಕೊಂಡಿದ್ದೆ. ಕೆಳಗಿನ ಮನೆಯವರು ವ್ಯಾಕ್ಯೂಮ್ ಕ್ಲೀನರ್ ಕೇಳಿದ್ದಾರೆ."

ಬಂದೂಕು ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಆಕೆ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಕೇಕಿನಲ್ಲಿ ಮೊಟ್ಟೆ ಇದೆಯೋ ಎಂದು ಅಂಗಡಿಯಲ್ಲಿ ಮೂರು ಸಲ ಕೇಳುವವರು. ಅವರ ಮುಂದೆ ಬಂದೂಕಿನ ಮಾತೇಕೆ, ಮನಸ್ಸಿಗೆ ಕಸಿವಿಸಿಯಾದೀತು ಎಂದುಕೊಂಡೆ. ಸಿಸ್ಟರ್ ಕಲಿಸಿದ ಹಾಗೆಯೇ ಮೆತ್ತಗೆ ಹೇಳಿದೆ.

ಆಕೆ ಹಿಂದಿರುಗಿ ಹೊರಡಬೇಕಾದ ಶನಿವಾರ ಮಧ್ಯಾಹ್ನ ನಾನು ತರಕಾರಿ ಹಿಡಿದು ಲಿಫ್ಟಿಗೆ ಕಾಯುತ್ತಿದ್ದೆ. ನಮ್ಮದೇ ಮಹಡಿಯ ಚೀನೀ ಆಂಟಿ ಕೈಗಾಡಿ ಎಳೆದುಕೊಂಡು ಬಂದರು. ಅವರ ಮಗ ಆ ವರ್ಷ ಸೈನ್ಯದ ಕಡ್ಡಾಯ ತರಬೇತಿಯಲ್ಲಿದ್ದ. ಪ್ರತಿ ಶನಿವಾರ ಅವನಿಗೆಂದು ಸೂಪು ಮಾಡುತ್ತಿದ್ದರು.

"ಇವತ್ತು ಸೂಪು ಇಲ್ವಾ ಆಂಟಿ?"

"ಮಾಡಿ ಆಯ್ತು. ಕುಡಿಯೋನು ಬರಲ್ಲ. ಶೂಟಿಂಗ್ ಪ್ರಾಕ್ಟೀಸಲ್ಲಿ ಒಂದು ಖಾಲಿ ಸಿಪ್ಪೆ ಕಾಣೆ ಆಗಿದೆಯಂತೆ. ಸಿಗೋ ತನಕ ಯಾರಿಗೂ ಮನೆ ಇಲ್ಲ. ಬೆಳಗ್ಗೆಯಿಂದ ಎಲ್ಲ ಹುಡುಗರೂ ಹುಲ್ಲಿನಲ್ಲಿ ಮಂಡಿ ಊರಿಕೊಂಡು ಹುಡುಕ್ತಾ ಇದ್ದಾರೆ ಲಾ."

ನನಗೆ ನಗು ಬಂತು. "ಖಾಲಿ ಸಿಪ್ಪೆಗಾ?"

ಆಂಟಿ ನಗಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿದರು. "ಖಾಲಿ ಆದ್ರೇನು? ಗನ್ನಿನದು. ಈ ಊರಲ್ಲಿ ಗನ್ನಿನದು ಅಂದ್ರೆ ಒಂದು ಸ್ಕ್ರೂ ಕೂಡ ತಮಾಷೆ ಅಲ್ಲ. ನಿಮಗೆ ಗೊತ್ತಿಲ್ವಾ?"

ಲಿಫ್ಟು ಬಂತು. ಆಂಟಿ ಒಳಗೆ ಹೋಗಿ ಗುಂಡಿ ಒತ್ತಿ ಹಿಡಿದರು. ನಾನು ಹತ್ತಲಿಲ್ಲ. ಕೈಯಲ್ಲಿದ್ದ ಚೀಲದಿಂದ ಒಂದು ನಿಂಬೆಹಣ್ಣು ಉರುಳಿ ಲಿಫ್ಟಿನೊಳಗೆ ಹೋದದ್ದನ್ನು ನೋಡುತ್ತ ನಿಂತಿದ್ದೆ. ಎಂಟು ವರ್ಷ ನಾನು ಆ ಊರಿನಲ್ಲಿದ್ದೆ. ಚ್ಯೂಯಿಂಗ್ ಗಮ್ ತರಬಾರದು ಎಂಬುದು ಗೊತ್ತಿತ್ತು. ರೈಲಿನಲ್ಲಿ ನೀರು ಕುಡಿಯಬಾರದು ಎಂಬುದು ಗೊತ್ತಿತ್ತು. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮನೆಯಲ್ಲಿ ಇಬ್ಬರು ಹುಡುಗಿಯರೂ ಊಟದ ಮೇಜಿನ ಮೇಲೆ ಹಾಳೆ ಹರಡಿ ಚಿತ್ರ ಬರೆಯುತ್ತಿದ್ದರು. ಪಕ್ಕದ ಮನೆಯ ತಂದೆಗೆ ಆ ಶನಿವಾರವೂ ಆಫೀಸು. ಮಗು ನಮ್ಮಲ್ಲೇ ಇತ್ತು. ಗಂಡನನ್ನು ಕೋಣೆಗೆ ಕರೆದು ಬಾಗಿಲು ಹಾಕಿ ಹೇಳಿದೆ. ಅವರು ಮೈಸೂರಿನವರು. ಮದುವೆಗೆ ಮುಂಚೆ ಬಂದೂಕು ನೋಡಿದ್ದು ಬ್ಯಾಂಕಿನ ಕಾವಲುಗಾರನ ಹೆಗಲ ಮೇಲೆ ಮಾತ್ರ.

"ನಿಮ್ಮಣ್ಣನ ಲಿಸ್ಟಲ್ಲಿ ಪೈಪು ಅಂದಿದ್ದೆಯಲ್ಲ, ಅದಾ?"

"ಅದೇ."

ಅವರು ಫೋನಿನಲ್ಲಿ ಇಲ್ಲಿಯ ಕಾನೂನು ಹುಡುಕಿ ಓದತೊಡಗಿದರು. ಬಂದೂಕು ಎಂಬ ಮಾತಿನೊಳಗೆ ಅದರ ಬಿಡಿಭಾಗವೂ ಸೇರುತ್ತದೆ ಎಂಬ ಸಾಲನ್ನು ನನಗೆ ಓದಿ ಹೇಳಿದರು. ಅದರ ಕೆಳಗೆ ಶಿಕ್ಷೆಯ ಸಾಲುಗಳಿದ್ದವು. ಅವನ್ನು ಓದುವಾಗ ಅವರ ತುಟಿ ಅಲ್ಲಾಡಿತು, ಸ್ವರ ಬರಲಿಲ್ಲ. ಆಮೇಲೆ ಕೇಳಿದರು, "ಆಕೆಗೆ ಗೊತ್ತಾ ಅದು ಏನು ಅಂತ?"

"ಇಲ್ಲ."

"ಏನೂ ಗೊತ್ತಿಲ್ಲದೆ ಅದನ್ನ ಹಿಡ್ಕೊಂಡು ಚಾಂಗಿಯಲ್ಲಿ ಇಳೀತಾರೆ. ಆ ಮಗು ತಾಯಿ."

ಹನ್ನೊಂದು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೊಂದೇ ಸಲ. ಬೈಯಲಿಲ್ಲ. ನಾನು ಯಾರೆಂದು ಗುರುತು ಹಿಡಿಯಲು ನೋಡುವವರ ಹಾಗೆ ನೋಡಿದರು.

ಆಕೆಯ ವಿಮಾನದ ವೇಳೆ ಬರೆದ ಚೀಟಿ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತ್ತು. ಅಲ್ಲಿ ಆಗ ಬೆಳಗಿನ ಜಾವ. ವಿಮಾನಕ್ಕೆ ಇನ್ನು ಮೂರು ಗಂಟೆ. ಫೋನ್ ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ನನ್ನ ಸೆರಗು ಹಿಡಿದು ಆಕೆಯ ಮಗಳು ಕೇಳಿದಳು, "ಅಮ್ಮ ಹೊರಟಳಾ ಆಂಟಿ?" ಮೂರನೆಯ ಸಲ ಎತ್ತಿದರು.

"ಹೇಳಿ ಅಕ್ಕಾ, ಮಗಳು ಆರಾಮಾಗಿದ್ದಾಳಲ್ಲಾ?"

"ಇದ್ದಾಳೆ. ನೀವು ಹೊರಟ್ರಾ?"

"ಹೋಟೆಲ್ ಕೆಳಗಡೆ ಇದ್ದೀನಿ. ಟ್ಯಾಕ್ಸಿ ಬಂದಿದೆ."

"ನನ್ನ ಪೈಪು..."

"ಅದಾ? ಭದ್ರವಾಗಿದೆ. ಸ್ಪ್ರಿಂಗ್ ತೆಗೆದು ಬೇರೆ ಕಟ್ಟಿದ್ದೀನಿ. ಪೈಪಿನೊಳಗೆ ಮಕ್ಕಳಿಬ್ಬರಿಗೂ ಕಲರ್ ಪೆನ್ಸಿಲ್ ತಗೊಂಡಿದ್ದೆನಲ್ಲ, ಅದ್ರಲ್ಲಿ ಹಿಡಿದಷ್ಟನ್ನ ತುಂಬಿಟ್ಟಿದ್ದೀನಿ. ಮೊನೆ ಮುರೀಬಾರದು ಅಂತ."

ಹುಡುಗಿಯರಿಗೆ ಕೇಳಿಸದಂತೆ ಕೋಣೆಗೆ ಹೋಗಿ ಹೇಳಿದೆ, "ಅದು ಬಂದೂಕಿನ ಭಾಗ."

"ಏನಂದ್ರಿ?"

"ಬಂದೂಕು. ನಮ್ಮಣ್ಣಂದು. ಗುಂಡು ತುಂಬೋ ಕೊಳವೆ ಅದು. ಇಲ್ಲಿಗೆ ತಂದ್ರೆ ಪೊಲೀಸ್ ಕೇಸು. ತರಬೇಡಿ."

ಆಚೆ ಗಾಜಿನ ಬಾಗಿಲೊಂದು ತೆರೆದು ಮುಚ್ಚಿದ ಸದ್ದು ಕೇಳಿತು. ಆಕೆಯ ಮಾತು ಬಂದಾಗ ಅದು ಬೆಂಗಳೂರಿನ ಮಾತಾಗಿರಲಿಲ್ಲ.

"ಎಸ್ಟೇಟ್ ಮಷೀನ್ ಅಂದಿದ್ರಿ."

"ಅಂದಿದ್ದೆ."

"ಯಾಕ ಹಂಗ ಅಂದ್ರಿ?"

"ನಿಮಗೆ ಕಸಿವಿಸಿ ಆಗುತ್ತೆ ಅಂತ. ನೀವು ಮೊಟ್ಟೆ ಕೂಡ ತಿನ್ನಲ್ಲ..."

"ಮೊಟ್ಟಿ ತಿನ್ನೂದಿಲ್ರಿ ಅಕ್ಕಾರ. ಜೈಲಿನ ಊಟಾ ತಿಂತಾಳ ಅಂತ ತಿಳ್ಕೊಂಡಿದ್ರೇನು?"

ಆಚೆ ಫೋನು ಕೆಳಗಿಟ್ಟ ಸದ್ದು, ಜಿಪ್ಪಿನ ಸದ್ದು, ಆಮೇಲೆ ಕಲ್ಲಿನ ನೆಲದ ಮೇಲೆ ಪೆನ್ಸಿಲುಗಳು ಒಂದೊಂದಾಗಿ ಬಿದ್ದು ಉರುಳುವ ಸದ್ದು. ದೂರದಿಂದ ಒಬ್ಬ ಗಂಡಸು ಸಹಾಯ ಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಆಕೆ ಏನೋ ಹೇಳಿದರು. ಅವನ ದನಿ ಒಮ್ಮೆಲೇ ಗೆಲುವಾಯಿತು.

ಆಕೆ ಮತ್ತೆ ಫೋನು ಎತ್ತಿಕೊಂಡರು. "ಕೌಂಟರಿನ ಮನಶ್ಯಾ. ಭಾಳ ಚಲೋ ಮಾಲು ಅಂತ. ಅವನ ಕಡೆನೂ ಇಂಥಾದ್ದೇ ಬಂದೂಕು ಐತಂತ. ಇಟ್ಕೊಳ್ಳೇನು ಅಂತ ಕೇಳಾಕತ್ತಾನ."

"ಕೊಟ್ಟುಬಿಡಿ."

"ಥ್ಯಾಂಕ್ಸ್ ಹೇಳಾಕತ್ತಾನ ನಿಮಗ."

ಫೋನು ಕಟ್ಟಾಯಿತು. ನಾನು ಹಾಸಿಗೆಯ ಮೇಲೆ ಕೂತೆ. ಹತ್ತು ನಿಮಿಷದ ಮೇಲೆ ತಟ್ಟನೆ ಹೊಳೆಯಿತು: ಸ್ಪ್ರಿಂಗು ಬೇರೆ ಕಟ್ಟಿದ್ದೀನಿ ಎಂದಿದ್ದರು. ಅದನ್ನೂ ಕೊಟ್ಟರೇ? ಕಿತ್ತಳೆ ಬಣ್ಣದ ಬಟ್ಟಲು? ಆ ಪಟ್ಟಿ? ಮತ್ತೆ ಫೋನ್ ಮಾಡಿದೆ, ಆಕೆ ಎತ್ತಲಿಲ್ಲ. "ಸ್ಪ್ರಿಂಗ್ ಕೊಟ್ರಾ?" ಎಂದು ಮೆಸೇಜು ಹಾಕಿದೆ. ಅದು ಹೋಯಿತು, ಯಾರೂ ಓದಲಿಲ್ಲ.

ಎರಡು ಕಡೆ ಗಂಟೆಗಟ್ಟಲೆ ಕಾದು ವಿಮಾನ ಬದಲಿಸಿ ಆಕೆ ಇಳಿಯುವುದು ಸೋಮವಾರ ಬೆಳಿಗ್ಗೆ. ಮಧ್ಯೆ ಒಂದು ಪೂರ್ತಿ ಭಾನುವಾರ. ಆ ದಿನ ಹುಡುಗಿಯರನ್ನು ಪಾಸಿರ್ ರಿಸ್ ಬೀಚಿಗೆ ಕರೆದುಕೊಂಡು ಹೋದೆವು, ಮೊದಲೇ ಮಾತು ಕೊಟ್ಟಿದ್ದರಿಂದ. ಅವರು ಮರಳಿನಲ್ಲಿ ಗುಂಡಿ ತೋಡುತ್ತಿದ್ದರೆ ಚಾಂಗಿಯ ವಿಮಾನಗಳು ನಮ್ಮ ತಲೆಯ ಮೇಲಿಂದಲೇ ಇಳಿಯುತ್ತಿದ್ದವು. ಪ್ರತಿ ವಿಮಾನಕ್ಕೂ ಆಕೆಯ ಮಗಳು ಕೈ ಬೀಸಿದಳು. ಗಂಡ ನನ್ನ ಕಡೆ ನೋಡದೆ ಕಡಲೆಕಾಯಿ ಸುಲಿದು ಸುಲಿದು ಮಕ್ಕಳ ಕೈಗೆ ಹಾಕಿದರು.

ಸೋಮವಾರ ಎಂಟೂವರೆಗೆ ಬಾಗಿಲ ಮುಂದಿನ ಗ್ರಿಲ್ಲಿನ ಹತ್ತಿರ ಸೂಟ್‌ಕೇಸಿನ ಚಕ್ರದ ಸದ್ದು ಕೇಳಿತು. ಬಾಗಿಲು ತೆರೆದೇ ಇಟ್ಟಿದ್ದೆ. ಆಕೆ ಒಳಗೆ ಬರಲಿಲ್ಲ.

"ಸ್ಪ್ರಿಂಗ್ ಕೊಟ್ಟಿದ್ದೆ. ಎಲ್ಲಾನೂ ಕೊಟ್ಟಿದ್ದೆ." ದನಿ ಮತ್ತೆ ಬೆಂಗಳೂರಿನದಾಗಿತ್ತು, ಇಸ್ತ್ರಿ ಮಾಡಿದಂತಿತ್ತು. "ಫೋನ್ ಆನ್ ಮಾಡಿದ್ದು ಇಲ್ಲಿ ಬ್ಯಾಗ್ ಸ್ಕ್ಯಾನ್ ಮಾಡೋ ಕ್ಯೂನಲ್ಲಿ. ಆಗ ನಿಮ್ಮ ಮೆಸೇಜ್ ನೋಡಿದೆ. ಕೊಟ್ಟಿದ್ದು ನಂಗೆ ಗೊತ್ತು. ಆದ್ರೂ ಆ ಹೊತ್ತಲ್ಲಿ ಗೊತ್ತಿಲ್ಲ ಅನ್ನಿಸಿಬಿಡ್ತು ಅಕ್ಕಾ."

ಆಕೆ ಬಾಗಿಲ ಹಿಂದಿನ ಕೊಕ್ಕೆಯ ಕಡೆ ಕೈ ತೋರಿಸಿದರು. "ಆ ಕೀ ಕೊಡಿ. ನನ್ನ ಕೀ ಬ್ಯಾಗಿನ ತಳದಲ್ಲಿದೆ." ಕೊಟ್ಟೆ. ಸಂಜೆ ಅವರ ಮಗಳ ಕೈಯಲ್ಲಿ ನನ್ನ ಮಗಳಿಗೂ ಕಲರ್ ಪೆನ್ಸಿಲು ಬಂತು. ಕೀಲಿ ಬರಲಿಲ್ಲ. ಪೆನ್ಸಿಲುಗಳನ್ನು ಒಂದೊಂದಾಗಿ ನೋಡಿದೆ. ಹನ್ನೆರಡರಲ್ಲಿ ಐದರ ಮೊನೆ ಮುರಿದಿತ್ತು.

ಅಣ್ಣನಿಗೆ ಹೇಳಿದಾಗ ಅವನು ಬಹಳ ಹೊತ್ತು ನಂಬಲಿಲ್ಲ. "ಅಷ್ಟು ದೊಡ್ಡ ಊರಲ್ಲಿ ಯಾರ ಮನೇಲೂ ಒಂದು ತೋಕ್ ಇಲ್ವಾ? ಹಬ್ಬಕ್ಕೆ ಏನು ಇಡ್ತಾರೆ?" ಎಂದ. ಆಮೇಲೆ ಮೆತ್ತಗಾಗಿ, "ಬಿಡು, ನಾಲ್ಕೇ ಸಾಕು. ಟಾರ್ಚು ಮಾತ್ರ ಮರೀಬೇಡ," ಎಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ಪಟ್ಟಿಯಲ್ಲಿ ವಸ್ತುವಿನ ಹೆಸರನ್ನು ನೇರವಾಗಿ ಬರೆದಿದ್ದ, ಚಿತ್ರವನ್ನೂ ಬರೆದಿದ್ದ. ಮುಚ್ಚಿಟ್ಟವಳು ನಾನು.

ಡಿಸೆಂಬರಿನಲ್ಲಿ ನಾವು ಹೊರಡುವ ಹಿಂದಿನ ದಿನ ಬೆಳಿಗ್ಗೆ ಆಕೆ ಬಂದರು. ಆ ಸೋಮವಾರದ ಮೇಲೆ ನಮ್ಮ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಕೈಯಲ್ಲಿ ಕಟ್ಟಿದ ಪೊಟ್ಟಣವೊಂದಿತ್ತು.

"ಅವ್ವಗ. ಬೆಂಗಳೂರಾಗ ನಮ್ಮ ತಮ್ಮ ಬಂದು ತಗೋತಾನ. ಒಯ್ತೀರೇನು?"

"ಕೊಡಿ," ಎಂದು ಕೈ ಚಾಚಿದೆ.

ಆಕೆ ಕೊಡಲಿಲ್ಲ. ಊಟದ ಮೇಜಿನ ಮೇಲಿಟ್ಟು, ತಾವೇ ಕಟ್ಟಿ ತಂದಿದ್ದ ಗಂಟನ್ನು ಉಗುರಿನಿಂದ ಬಿಡಿಸಿದರು. ಕಾಗದ ಬಿಚ್ಚಿದರು. "ಇದು ಬಿ.ಪಿ. ನೋಡೋ ಮಷೀನು," ಎಂದು ಡಬ್ಬ ತೆರೆದು ಒಳಗಿನ ಪಟ್ಟಿಯನ್ನು ಬಿಡಿಸಿ ತೋರಿಸಿದರು. "ಇವು ಅದರ ಬ್ಯಾಟರಿ. ಇದು ಕಾಲಿಗೆ ಹಚ್ಚೋ ಮುಲಾಮು." ಅದರ ಮುಚ್ಚಳವನ್ನೂ ತೆಗೆದರು. ಸ್ವೆಟರಿನ ಎರಡು ತೋಳಿನೊಳಗೂ ಕೈ ಹಾಕಿ ಹೊರಗೆ ತೆಗೆದರು. ಸಾಕು ಎನ್ನಲು ಬಾಯಿ ತೆರೆದವಳು ಮುಚ್ಚಿದೆ. ಕೊನೆಯ ವಸ್ತುವಿನವರೆಗೂ ನೋಡಿದೆ.

"ಒಳಗೇನೈತಿ ಅಂತ ಇನ್ನ ಮ್ಯಾಲೆ ಇಬ್ಬರೂ ನೋಡೇ ಕಟ್ಟೂಣು," ಎಂದರು.

ಎಲ್ಲವನ್ನೂ ಮತ್ತೆ ಕಾಗದದಲ್ಲಿ ಸುತ್ತಿ ದಾರ ಎಳೆದರು. ಬಾಗಿಲ ಹಿಂದಿನ ಕೊಕ್ಕೆ ಖಾಲಿಯೇ ಇತ್ತು. ಇಬ್ಬರೂ ಆ ಕಡೆ ನೋಡಲಿಲ್ಲ. ಮೊದಲ ಸುತ್ತು ಜಾರಿತು. "ಇಲ್ಲಿ ಬೆರಳಿಡ್ರಿ ಅಕ್ಕಾರ," ಎಂದರು. ಇಟ್ಟೆ. ನನ್ನ ಬೆರಳಿನ ಮೇಲೆ ಗಂಟು ಬಿಗಿದು, ತೆಗೀರಿ ಎಂದರು.